ರ‍್ಯಾಮ್ ಪರೀಕ್ಷೆಗೆ ವಿಂಡೋಸ್ ಟೂಲ್ ಸಾಕಾ, ಮೆಮ್‌ಟೆಸ್ಟ್86+ ಬೇಕಾ?

ವಿಂಡೋಸ್‌ನಲ್ಲಿ ನೀಲಿ ಪರದೆ, ಇನ್ನೊಂದು ಓಎಸ್ (ಆಪರೇಟಿಂಗ್ ಸಿಸ್ಟಮ್) ಆದ ಉಬುಂಟುಗೆ ಹೋದರೆ ಅಲ್ಲೂ ಹ್ಯಾಂಗ್. ಎರಡರಲ್ಲೂ ಇದೇ ಗೋಳು ಅಂದರೆ ಹಾರ್ಡ್‌ವೇರ್ ಮೇಲೆಯೇ ಅನುಮಾನ ಜಾಸ್ತಿ. ಸುಮ್ನೆ ಓಎಸ್ ಮತ್ತೆ ಹಾಕುತ್ತಾ ಕೂರಬೇಡಿ, ಮೊದಲು ರ‍್ಯಾಮ್ ನೋಡಿ.

ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್ ಸುಲಭ. ಏನೂ ಡೌನ್‌ಲೋಡ್ ಮಾಡಬೇಕಿಲ್ಲ, ಸ್ಟಾರ್ಟ್ ಮೆನುವಿನಲ್ಲಿ ಹುಡುಕಿ ರೀಸ್ಟಾರ್ಟ್ ಕೊಟ್ಟರೆ ಆಯ್ತು. ಪರೀಕ್ಷೆ ಶುರುವಾದಾಗ ಎಫ್1 ಒತ್ತಿ ‘ಎಕ್ಸ್‌ಟೆಂಡೆಡ್’ ಆರಿಸಿಕೊಳ್ಳಿ. ಫಲಿತಾಂಶ ವಿಂಡೋಸ್ ದಾಖಲೆಗಳನ್ನು ತೋರಿಸುವ ಈವೆಂಟ್ ವ್ಯೂಯರ್‌ನಲ್ಲಿ ಸಿಗುತ್ತದೆ. ಆದರೆ ವಿಂಡೋಸ್ ಬೂಟೇ ಆಗದಿದ್ದರೆ ಅದನ್ನು ನೋಡುವುದು ಕಷ್ಟ, ಅಲ್ವಾ?

ನನ್ನ ಆಯ್ಕೆ ಮೆಮ್‌ಟೆಸ್ಟ್86+. ಉಚಿತ, ಪೆನ್‌ಡ್ರೈವ್‌ನಿಂದಲೇ ಬೂಟ್ ಆಗುತ್ತದೆ, ಯಾವ ಓಎಸ್ಸೂ ಬೇಡ. 6.00 ಆವೃತ್ತಿಯಿಂದ ಯುಇಎಫ್‌ಐ (ಹಳೆಯ ಬಯೋಸ್ ಬದಲು ಬಂದ ಬೂಟ್ ವ್ಯವಸ್ಥೆ) ಇರುವ ಕಂಪ್ಯೂಟರ್‌ಗಳಲ್ಲೂ ನಡೆಯುತ್ತದೆ. ನಾವು ನಿಲ್ಲಿಸುವವರೆಗೂ ಸುತ್ತು ಹೊಡೆಯುತ್ತಲೇ ಇರುತ್ತದೆ, ಹಾಗಾಗಿ ರಾತ್ರಿಯಿಡೀ ಬಿಡಿ. ಆಗೊಮ್ಮೆ ಈಗೊಮ್ಮೆ ಕೈಕೊಡುವ ರ‍್ಯಾಮ್ ಹೀಗೆ ಬಿಟ್ಟಾಗಲೇ ಸಿಕ್ಕಿಬೀಳೋದು. ಒಂದೇ ಒಂದು ಎರರ್ ಬಂದರೂ ನಿರ್ಲಕ್ಷಿಸಬೇಡಿ. ಬಯೋಸ್‌ ಸೆಟ್ಟಿಂಗ್ಸ್‌ನಲ್ಲಿ ಎಕ್ಸ್‌ಎಂಪಿ (ರ‍್ಯಾಮ್ ವೇಗ ಹೆಚ್ಚಿಸುವ ಆಯ್ಕೆ) ಆನ್ ಇದ್ದರೆ ಆಫ್ ಮಾಡಿ ಮತ್ತೆ ಓಡಿಸಿ. ಆಗಲೂ ಬಂದರೆ, ಒಂದೇ ಸ್ಲಾಟ್‌ನಲ್ಲಿ ಒಂದೊಂದೇ ಸ್ಟಿಕ್ ಹಾಕಿ ಪರೀಕ್ಷಿಸಿ.

ಎರರ್ ಬರದಿದ್ದರೆ ಡಿಸ್ಕ್, ಬಿಸಿ, ಪವರ್ ಸಪ್ಲೈ ಕಡೆ ನೋಡಿ.