ಒಣ ಕಸ ಕೇಂದ್ರಕ್ಕೆ ಶಾಲಾ ಭೇಟಿ: ಯಾವ ದಿನ ಹೋಗಬೇಕು, ಏನು ನೋಡಬೇಕು

ಬೆಂಗಳೂರಿನ ವಾರ್ಡ್ ಒಣ ಕಸ ಸಂಗ್ರಹಣಾ ಕೇಂದ್ರಗಳನ್ನು ಮಕ್ಕಳಿಗೆ ತೋರಿಸಲೆಂದು ಕಟ್ಟಿದ್ದಲ್ಲ. ತಗಡಿನ ಶೆಡ್ಡು, ವಿಂಗಡಿಸುವ ಮೇಜು, ತೂಕದ ಯಂತ್ರ, ಕೆಲವೆಡೆ ಕಸವನ್ನು ಒತ್ತಿ ಕಟ್ಟು ಮಾಡುವ ಬೇಲಿಂಗ್ ಯಂತ್ರ, ಅಷ್ಟೇ. ಆದರೂ ಏಳನೇ ತರಗತಿ ದಾಟಿದ ಮಕ್ಕಳಿಗೆ ಐದಕ್ಕೆ ನಾಲ್ಕು ಅಂಕದ ಭೇಟಿ ಇದು, ದಿನ ಸರಿಯಾಗಿದ್ದರೆ. ಒಣ ಕಸದ ಗಾಡಿ ಯಾವಾಗ ಬರುತ್ತದೆಂದು ಮೊದಲೇ ಕೇಳಿಕೊಳ್ಳಿ. ವಿಂಗಡಣೆ ಮುಗಿದ ಮೇಲೆ ಹೋದರೆ ಕಾಣುವುದು ಒತ್ತಿ ಕಟ್ಟಿಟ್ಟ ಬೇಲುಗಳು ಮಾತ್ರ.

ಇಡೀ ಭೇಟಿಯ ಸತ್ವ ಇರುವುದು ಮೇಜಿನ ಬಳಿ. ಒಮ್ಮೆಗೆ ಹತ್ತು ಮಕ್ಕಳು ಸಾಕು. ನೀರಿನ ಬಾಟಲಿ ಒಂದೇ ವಸ್ತುವಲ್ಲ ಅನ್ನುವುದು ಅಲ್ಲೇ ಅರ್ಥವಾಗುತ್ತದೆ: ಮೈ ಪೆಟ್ (PET) ಅನ್ನುವ ಪ್ಲಾಸ್ಟಿಕ್, ಮುಚ್ಚಳ ಬೇರೆ ಪ್ಲಾಸ್ಟಿಕ್. ಒಂದು ಬಕೆಟ್ ನೀರಿಗೆ ಎರಡರ ಚೂರು ಹಾಕಿಸಿ. ಪೆಟ್ ಮುಳುಗುತ್ತದೆ, ಮುಚ್ಚಳ ತೇಲುತ್ತದೆ. ಕಾರ್ಖಾನೆಯಲ್ಲೂ ಬೇರ್ಪಡಿಸುವುದು ಹೀಗೇ. ತೊಂದರೆ ಕೊಡುವುದು ಪಿವಿಸಿ ಅನ್ನುವ ಇನ್ನೊಂದು ಪ್ಲಾಸ್ಟಿಕ್‌ನ ಲೇಬಲ್. ಅದೂ ಪೆಟ್ ಜೊತೆಗೇ ಮುಳುಗುತ್ತದೆ, ಕರಗಿಸುವಾಗ ಆಮ್ಲ ಬಿಟ್ಟು ಪೆಟ್ ಪ್ಲಾಸ್ಟಿಕ್ಕನ್ನು ಹಳದಿಗಟ್ಟಿಸಿ ಪೆಡಸು ಮಾಡುತ್ತದೆ. ಅದಕ್ಕೇ ಲೇಬಲ್ ಕಿತ್ತ ಬಾಟಲಿಗೆ ಬೆಲೆ.

ಹಾಲಿನ ಕವರ್ ತೊಳೆಯದೆ ಬಂದರೆ ಎರಡೇ ದಿನಕ್ಕೆ ನಾರುತ್ತದೆ. ಕತ್ತರಿಸಿದ ಮೂಲೆ ಬೇರೆಯಾದರೆ ಆ ಚೂರನ್ನು ಯಾರೂ ಆಯುವುದಿಲ್ಲ. ಪೂರ್ತಿ ಕತ್ತರಿಸದೆ ಅಂಟಿಕೊಂಡೇ ಬಿಡಬೇಕು. ಒದ್ದೆ ಕಾಗದಕ್ಕೆ ಗುಜರಿಯಲ್ಲಿ ದರವಿಲ್ಲ. ಥರ್ಮೋಕೋಲ್ ಲಾರಿ ತುಂಬುತ್ತದೆ, ತೂಕ ತುಂಬುವುದಿಲ್ಲ. ಚಿಪ್ಸ್ ಪೊಟ್ಟಣದ ಪದರಗಳನ್ನು ಬಿಡಿಸಲಾಗದು, ಹಾಗಾಗಿ ಬಹುಪಾಲು ಸಿಮೆಂಟ್ ಕಾರ್ಖಾನೆಯ ಒಲೆಗೆ.

ಕೊರತೆಗಳೂ ಇವೆ. ಬೇಲಿಂಗ್ ಯಂತ್ರ ಓಡುವಾಗ ವಿವರಣೆ ಕಿವಿಗೆ ಬೀಳದು, ಅದನ್ನು ಕೊನೆಗಿಟ್ಟುಕೊಳ್ಳಿ. ಕೈ ತೊಳೆಯಲು ನಲ್ಲಿ ಇರುತ್ತದೆಂದು ನಂಬಬೇಡಿ, ಸೋಪು ನೀರು ಒಯ್ಯಿರಿ. ಚಪ್ಪಲಿ ಬೇಡ, ಶೂ ಕಡ್ಡಾಯ: ಒಡೆದ ಗಾಜು, ಬ್ಲೇಡು, ಸೂಜಿ ಎಲ್ಲ ಅದೇ ರಾಶಿಯಲ್ಲಿ ಬರುತ್ತವೆ. ಮಕ್ಕಳು ರಾಶಿಗೆ ಕೈ ಹಾಕಬಾರದು, ಕೇಳದೆ ಕೆಲಸಗಾರರ ಫೋಟೋ ತೆಗೆಯಬಾರದು. ಅವರೆದುರು ಮೂಗು ಮುಚ್ಚಿ ‘ಛೀ’ ಅನ್ನಬಾರದೆಂದು ಮಕ್ಕಳಿಗೆ ಬಸ್ಸಿನಲ್ಲೇ ಹೇಳಿಟ್ಟಿರಬೇಕು.

ಸಾಮಾನ್ಯವಾಗಿ ತೋರಿಸದೆ ಬಿಡುವುದು ರಿಜೆಕ್ಟ್ ಗುಡ್ಡೆ, ಅಂದರೆ ವಿಂಗಡಿಸಿದ ಮೇಲೆ ಯಾವುದಕ್ಕೂ ಬಾರದೆ ಉಳಿದ ಕಸ. 2015ರ ಹೈಕೋರ್ಟ್ ಆದೇಶದಿಂದ ಬಂದ ಎರಡು ಬುಟ್ಟಿ, ಒಂದು ಚೀಲದ ಪದ್ಧತಿಯಲ್ಲಿ (ಹಸಿ ಕಸಕ್ಕೆ ಹಸಿರು ಬುಟ್ಟಿ, ರಿಜೆಕ್ಟ್ ಕಸಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ) ಕೆಂಪು ಬುಟ್ಟಿಗೆ ಹೋಗಬೇಕಿದ್ದ ಡೈಪರ್, ಪ್ಯಾಡುಗಳು ಅದರಲ್ಲಿ ಸಿಗುತ್ತವೆ. ಅವನ್ನು ಬರಿಗೈಯಲ್ಲಿ ಎತ್ತುವವರಿದ್ದಾರೆ. ಕೇಳಿ ನೋಡಿ, ತೋರಿಸುತ್ತಾರೆ.