ಎಚ್ಚರ: ದೋಣಿ ಎಳೆಯಲು ಪಿಕಪ್ ತಗೊಳ್ಳುವವರು ‘ವರೆಗೆ’ ಅನ್ನುವ ಪದ ನೋಡಿಕೊಳ್ಳಿ

ಎರಡು ತಿಂಗಳಿಂದ ಈ ವಿಷಯ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಹೇಳಿಕೊಂಡರೆ ನನ್ನ ಮರ್ಯಾದೆಯೇ ಹೋಗುತ್ತದೆ ಅಂತ ಸುಮ್ನಿದ್ದೆ. ಆದರೆ ನಿನ್ನೆ ರಾತ್ರಿ ಒಂದು ಜಾಹೀರಾತು ಕಣ್ಣಿಗೆ ಬಿತ್ತು. ಏನದು ಅಂತ ಆಮೇಲೆ ಹೇಳುತ್ತೇನೆ. ಅದನ್ನು ನೋಡಿದ ಮೇಲೆ ನಿದ್ದೆ ಹತ್ತಲಿಲ್ಲ. ಎದ್ದು ಕೂತು ಇದನ್ನು ಬರೆಯುತ್ತಿದ್ದೇನೆ. ತಪ್ಪು ಒಪ್ಪು ನೋಡಬೇಡಿ, ತಲೆ ಬಿಸಿಯಾಗಿದೆ.

ನನ್ನದು ಚಿಕ್ಕ ದೋಣಿ. 17 ಅಡಿ, ಫೈಬರ್‌ದು, ಹಿಂದೆ 90 ಎಚ್‌ಪಿ ಔಟ್‌ಬೋರ್ಡ್ ಇಂಜಿನ್. ಟ್ರೇಲರ್ ಮೇಲೆ ಕೂರಿಸಿ ನೀರಿನ ತನಕ ಎಳೆದುಕೊಂಡು ಹೋಗಬೇಕು. ಇಷ್ಟು ದಿನ ಗೆಳೆಯನ ಗಾಡಿ ಕೇಳಿ ತರುತ್ತಿದ್ದೆ. ಎಷ್ಟು ಸಲ ಅಂತ ಕೇಳುವುದು? ನಮ್ಮದೇ ಒಂದು ಸೆಕೆಂಡ್ ಹ್ಯಾಂಡ್ ಪಿಕಪ್ ಇರಲಿ ಅಂತ ಹೊರಟೆ. ಜೊತೆಗೆ ಭಾವ ಬಂದಿದ್ದರು. ಅವರು ಬಂದಿದ್ದೇ ತಪ್ಪಾಯಿತು ಅಂತ ಈಗ ಅನಿಸುತ್ತದೆ. ಯಾಕೆಂದರೆ ಎಲ್ಲಕ್ಕೂ ಅವರೇ ಸಾಕ್ಷಿ.

ಡೀಲರ್ ಬಲು ನಯವಾದ ಮನುಷ್ಯ. ಕುರ್ಚಿ ಹಾಕಿ ಕೂರಿಸಿದ. ನಾನು ಮೊದಲೇ ಹೇಳಿದೆ, ನನಗೆ ಗಾಡಿ ಬೇಕಿರುವುದು ದೋಣಿ ಎಳೆಯುವುದಕ್ಕೆ, ಬೇರೆ ಶೋಕಿ ಏನೂ ಇಲ್ಲ ಅಂತ. ಅವನು ನಕ್ಕ. “ಸರ್, ಇದು ಒಂದಲ್ಲ, ನಿಮ್ಮದರಂಥ ಎರಡು ದೋಣಿ ಎಳೆಯುತ್ತೆ.” ಅಂದವನೇ ಡ್ರಾಯರ್‌ನಿಂದ ಆ ಮಾಡೆಲ್‌ನ ಬ್ರೋಷರ್ ತೆಗೆದು ನನ್ನ ಮುಂದೆ ಇಟ್ಟ. ದಪ್ಪ ಅಕ್ಷರದಲ್ಲಿ 3,500 ಕೆ.ಜಿ. ಅಂತಿತ್ತು. ಅದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ‘ವರೆಗೆ’.

ಆ ‘ವರೆಗೆ’ ನನ್ನ ಕಣ್ಣಿಗೆ ಬೀಳಲೇ ಇಲ್ಲ. ಬಿದ್ದಿದ್ದರೂ ನನಗೆ ಅರ್ಥವಾಗುತ್ತಿರಲಿಲ್ಲ ಬಿಡಿ. ನನ್ನ ತಲೆಯಲ್ಲಿ ಓಡುತ್ತಿದ್ದ ಲೆಕ್ಕ ಇಷ್ಟೇ: ದೋಣಿಯ ಕಾಗದದಲ್ಲಿ ತೂಕ 560 ಕೆ.ಜಿ. ಅಂತಿದೆ, ಗಾಡಿ 3,500 ಎಳೆಯುತ್ತೆ, ಇನ್ನೇನು ಬೇಕು? ಹಿಂದೆ ಟ್ರೇಲರ್ ಸಿಕ್ಕಿಸುವ ಕೊಂಡಿ, ಅಂದರೆ ಹಿಚ್ ಕೂಡ ಹಾಕಿತ್ತು, ಕಪ್ಪು ಬಣ್ಣ ಬಳಿದು ಮಿರಮಿರ ಹೊಳೆಯುತ್ತಿತ್ತು. “ನೋಡಿ ಸರ್, ಹಿಚ್ಚೂ ರೆಡಿ, ನೀವು ಸಿಕ್ಕಿಸೋದೊಂದೇ ಬಾಕಿ” ಅಂದ. ಟೆಸ್ಟ್ ಡ್ರೈವ್‌ಗೆ ಖಾಲಿ ಗಾಡಿ ಕೊಟ್ಟ. ಖಾಲಿ ಗಾಡಿ ಚೆನ್ನಾಗಿ ಓಡದೆ ಇನ್ನೇನು ಮಾಡುತ್ತದೆ? ಓನರ್ ಮ್ಯಾನ್ಯುಯಲ್ ಕೇಳಿದೆ. ಹಳೇ ಓನರ್ ಕಳೆದುಬಿಟ್ಟಿದ್ದಾರೆ ಅಂದ. ಅಲ್ಲಿಗೇ ನಾನು ಎದ್ದು ಬರಬೇಕಿತ್ತು. ಬರಲಿಲ್ಲ. ಸಹಿ ಹಾಕಿದೆ.

ಮೊದಲ ಭಾನುವಾರವೇ ಹೊರಟೆವು. ಗಾಡಿಯಲ್ಲಿ ನಾಲ್ಕು ಜನ, ಸಾಮಾನು, ಹಿಂದೆ ದೋಣಿ. ಟ್ರೇಲರ್ ಸಿಕ್ಕಿಸಿದ ತಕ್ಷಣ ಪಿಕಪ್‌ನ ಹಿಂಭಾಗ ಕುಕ್ಕರಿಸಿತು. ಹೆಡ್‌ಲೈಟ್ ಮರದ ಮೇಲಿನ ಹಕ್ಕಿಗೆ ಬೆಳಕು ಬಿಡುವ ಹಾಗೆ ಮೇಲಕ್ಕೆ ಎದ್ದಿತ್ತು. ಫೋಟೋ ತೆಗೆದು ಡೀಲರ್‌ಗೆ ಕಳಿಸಿದೆ, ಫೋನೂ ಮಾಡಿದೆ. ಅವನ ಉತ್ತರ ಕೇಳಿ: “ಅಷ್ಟೇನಾ ಸರ್? ದೋಣಿಯಲ್ಲಿರೋ ಸಾಮಾನನ್ನ ಹಿಂದಕ್ಕೆ ಸರಿಸಿ. ಮುಂದಿನ ಭಾರ ಕಡಿಮೆ ಆಗುತ್ತೆ, ಗಾಡಿ ಎದ್ದು ನಿಲ್ಲುತ್ತೆ.”

ನಾನು ಹಾಗೇ ಮಾಡಿದೆ. ಐಸ್ ಬಾಕ್ಸ್, ಲಂಗರು, ಸರಪಳಿ, ಎಲ್ಲ ಹಿಂದಕ್ಕೆ. ಗಾಡಿ ಎದ್ದು ನಿಂತಿತು ನಿಜ. ಹತ್ತು ಕಿಲೋಮೀಟರ್ ಆದ ಮೇಲೆ ಒಂದು ಇಳಿಜಾರು ಬಂತು. ಸ್ವಲ್ಪ ವೇಗ ಏರಿತು ನೋಡಿ, ಟ್ರೇಲರ್ ಹಾವಿನ ಬಾಲದ ಹಾಗೆ ಆ ಕಡೆ ಈ ಕಡೆ ಹೊಡೆದುಕೊಳ್ಳಲು ಶುರು. ಸ್ಟೇರಿಂಗ್ ನನ್ನ ಮಾತು ಕೇಳುತ್ತಿಲ್ಲ. ಹಿಂದಿನ ಸೀಟಿನಲ್ಲಿ ಅಕ್ಕ ಕಿರುಚಿದ್ದು ಇನ್ನೂ ಕಿವಿಯಲ್ಲಿದೆ. ಬ್ರೇಕ್ ಒತ್ತದೆ ಆಕ್ಸಿಲರೇಟರ್ ಬಿಟ್ಟು ಸುಮ್ಮನೆ ಹಿಡಿದುಕೊಂಡೆ, ಹೇಗೋ ನಿಧಾನವಾಯಿತು. ನಾನು ಜಾಣ ಅಂತಲ್ಲ, ಭಯಕ್ಕೆ ಕಾಲು ಮರಗಟ್ಟಿತ್ತು, ಅದೇ ಕಾಪಾಡಿತು.

ಆಮೇಲೆ ಗೊತ್ತಾಗಿದ್ದು: ಟ್ರೇಲರ್‌ನ ಮೂತಿ ಹಿಚ್ ಬಾಲ್ (ಹಿಚ್ಚಿನ ಮೇಲಿರುವ ಗುಂಡು, ಮೂತಿ ಕೂರುವುದು ಅದರ ಮೇಲೇ) ಮೇಲೆ ಒಂದಿಷ್ಟು ಭಾರ ಒತ್ತಲೇಬೇಕು. ಒಟ್ಟು ತೂಕದ ಸುಮಾರು ಹತ್ತನೇ ಒಂದು ಭಾಗ ಅಂತ ಇಟ್ಟುಕೊಳ್ಳಿ. ಅದು ಕಡಿಮೆಯಾದರೆ ಟ್ರೇಲರ್ ತೂರಾಡುತ್ತದೆ. ಅಂದರೆ ಅವನು ಫೋನಿನಲ್ಲಿ ಹೇಳಿಕೊಟ್ಟಿದ್ದು ನಾಲ್ಕು ಜನರನ್ನು ಕೊಲ್ಲುವ ಉಪಾಯ. ನಗುತ್ತಾ ಹೇಳಿದ್ದ. ನಾನು “ಥ್ಯಾಂಕ್ಸ್” ಅಂತ ಬೇರೆ ಹೇಳಿದ್ದೆ!

ಇನ್ನೂ ಮುಗಿದಿಲ್ಲ. ಮುಂದೆ ಏರು ಬಂತು, ಗೇರ್‌ಬಾಕ್ಸ್ ಬಿಸಿಯಾಯಿತು ಅಂತ ಡ್ಯಾಶ್‌ಬೋರ್ಡ್‌ನಲ್ಲಿ ದೀಪ ಹತ್ತಿತು. ಸುಟ್ಟ ವಾಸನೆ. ರಸ್ತೆ ಪಕ್ಕ ಮುಕ್ಕಾಲು ಗಂಟೆ ನಿಂತೆವು. ಹೇಗೋ ನೀರು ಮುಟ್ಟಿದೆವು, ದೋಣಿ ಇಳಿಸಿದೆವು. ಸಂಜೆ ಅದನ್ನು ಮತ್ತೆ ಟ್ರೇಲರ್‌ಗೆ ಹತ್ತಿಸಿ ಮೇಲೆ ಎಳೆಯಬೇಕಲ್ಲ, ಆಗ ನನ್ನ ಮಾನ ಪೂರ್ತಿ ಹೋಯಿತು. ದೋಣಿ ಇಳಿಸುವ ಜಾಗದ ಕಾಂಕ್ರೀಟ್ ಮೇಲೆ ನೀರು, ಪಾಚಿ. ನನ್ನದು ಬರೀ ಹಿಂದಿನ ಎರಡು ಚಕ್ರ ತಿರುಗುವ ಗಾಡಿ. ಆಕ್ಸಿಲರೇಟರ್ ಒತ್ತಿದರೆ ಚಕ್ರ ನಿಂತಲ್ಲೇ ಗಿರಗಿರ, ಗಾಡಿ ಮುಂದೆ ಬರುವ ಬದಲು ನೀರಿನ ಕಡೆಗೇ ಜಾರುತ್ತಿದೆ. ಹಿಂದೆ ಸಾಲುಗಟ್ಟಿ ನಿಂತ ಜನ. ಒಬ್ಬ ಮೊಬೈಲ್ ಎತ್ತಿ ವಿಡಿಯೋ ಮಾಡುತ್ತಿದ್ದ. ಕೊನೆಗೆ ಗುರುತು ಪರಿಚಯ ಇಲ್ಲದ ಒಬ್ಬರು ತಮ್ಮ ಫೋರ್‌ವೀಲ್ ಡ್ರೈವ್ ಗಾಡಿಗೆ ಹಗ್ಗ ಕಟ್ಟಿ ನನ್ನನ್ನೂ ದೋಣಿಯನ್ನೂ ಒಟ್ಟಿಗೆ ಎಳೆದು ಹಾಕಿದರು. ಭಾವ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮರುದಿನ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಇಂಜಿನ್ ಬಾನೆಟ್ ಎತ್ತುವ ಮೊದಲು ಡ್ರೈವರ್ ಬಾಗಿಲು ತೆರೆದರು. ಬಾಗಿಲ ಚೌಕಟ್ಟಿನಲ್ಲಿ ಒಂದು ಸ್ಟಿಕರ್ ಇರುತ್ತದೆ, ಗೊತ್ತಾ? ನನಗೆ ಗೊತ್ತಿರಲಿಲ್ಲ. ಗಾಡಿ ಹೊರಬಲ್ಲ ಭಾರ ಅದರಲ್ಲಿತ್ತು: 460 ಕೆ.ಜಿ. ನಾಲ್ಕು ಜನ ಸೇರಿ 300, ಸಾಮಾನು 80, ಟ್ರೇಲರ್ ಮೂತಿಯ ಭಾರ ಸುಮಾರು 127. ಕೂಡಿಸಿ ನೋಡಿ. ಹೌದು, ಬಾಲ್ ಮೇಲೆ ಒತ್ತುವ ಭಾರವೂ ಗಾಡಿ ಹೊತ್ತ ಭಾರವೇ. ಇದನ್ನೂ ನನಗೆ ಯಾರೂ ಹೇಳಿರಲಿಲ್ಲ.

127 ಎಲ್ಲಿಂದ ಬಂತು ಅಂದರೆ, ಅವರು ದೋಣಿಯನ್ನು ಟ್ರೇಲರ್ ಸಮೇತ ವೇಬ್ರಿಡ್ಜ್‌ಗೆ ಕಳಿಸಿದರು. 1,270 ಕೆ.ಜಿ. ಬಂತು. ನಾನು ಚೀಟಿ ತಪ್ಪಿದೆ ಅಂತ ಜಗಳಕ್ಕೇ ನಿಂತಿದ್ದೆ. ಕಾಗದದಲ್ಲಿದ್ದ 560 ಬರೀ ಖಾಲಿ ದೋಣಿಯ ತೂಕವಂತೆ. ಇಂಜಿನ್ 160, ಟ್ರೇಲರ್ 340. ಟ್ಯಾಂಕಿನಲ್ಲಿ 90 ಲೀಟರ್ ಪೆಟ್ರೋಲ್ ಅಂದರೆ 67 ಕೆ.ಜಿ. ಹತ್ತಿರ. ಬ್ಯಾಟರಿ ಎರಡು, ಲಂಗರು, ಲೈಫ್ ಜಾಕೆಟ್, ಹಾಳು ಮೂಳು. ಇದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಡೀಲರ್ ಮೇಲೆ ಹಾಕುವುದಿಲ್ಲ.

ಆದರೆ 3,500? ಅದು ಯಾರ ತಪ್ಪು? ಮೆಕ್ಯಾನಿಕ್ ಆ ಮಾಡೆಲ್‌ನ ಮ್ಯಾನ್ಯುಯಲ್ ಕಂಪ್ಯೂಟರ್‌ನಲ್ಲಿ ತೆಗೆದು ತೋರಿಸಿದರು. 3,500 ಅನ್ನುವುದು ಅದೇ ಹೆಸರಿನ ಬೇರೆ ಗಾಡಿಗೆ. ದೊಡ್ಡ ಇಂಜಿನ್, ಫೋರ್‌ವೀಲ್ ಡ್ರೈವ್, ಕಂಪನಿಯೇ ಹಾಕಿದ ಟೋ ಪ್ಯಾಕೇಜ್ (ಭಾರ ಎಳೆಯುವುದಕ್ಕೆ ಬೇಕಾದ ಸಲಕರಣೆ), ಮತ್ತು ಟ್ರೇಲರ್‌ಗೆ ತನ್ನದೇ ಬ್ರೇಕ್. ಇಷ್ಟೂ ಇದ್ದರೆ 3,500. ನನ್ನದು ಕೆಳಗಿನ ವೇರಿಯಂಟ್, ಟೋ ಪ್ಯಾಕೇಜ್ ಇಲ್ಲದ್ದು. ಅದಕ್ಕೆ ಬರೆದಿದ್ದು 1,000. ಸಾವಿರ ಕೆ.ಜಿ.! ಗೇರ್‌ಬಾಕ್ಸ್ ಆಯಿಲ್ ತಣ್ಣಗಿಡುವ ಬೇರೆ ಕೂಲರ್ ಇಲ್ಲ. ಹಿಂದಿನ ಆಕ್ಸಲ್‌ನ ಅನುಪಾತ 3.31; ಈ ಸಂಖ್ಯೆ ದೊಡ್ಡದಿದ್ದಷ್ಟೂ ಎಳೆಯುವ ಬಲ ಜಾಸ್ತಿ. ಎಳೆಯುವ ಗಾಡಿಗೆ 3.73 ಇದ್ದರೆ ಒಳ್ಳೆಯದು, ನಿಮ್ಮದು ಪೆಟ್ರೋಲ್ ಉಳಿಸುವುದಕ್ಕೆ ಮಾಡಿದ್ದು ಅಂದರು. ಹೊರಗಿನಿಂದ ನೋಡಿದರೆ ಎರಡೂ ಗಾಡಿ ಅವಳಿ ಜವಳಿ. ಆಮೇಲೆ ಅವರು ಹಿಚ್ ಮೇಲಿನ ಆ ಹೊಳೆಯುವ ಕಪ್ಪು ಬಣ್ಣವನ್ನು ಚಾಕುವಿನಿಂದ ಕೆರೆದರು. ಒಳಗೊಂದು ತಗಡಿನ ಪಟ್ಟಿ. ಕ್ಲಾಸ್ 1, ಅಂದರೆ ಎಲ್ಲಕ್ಕಿಂತ ಹಗುರ ದರ್ಜೆ, ಗರಿಷ್ಠ 907 ಕೆ.ಜಿ. ಬಾಲ್ ಮೇಲೆ 91.

ಪಟ್ಟಿಯ ಮೇಲೇ ಬಣ್ಣ ಬಳಿದಿದ್ದರು. ಬಣ್ಣ ನೋಡಿ ನಾನೇ “ಚೆನ್ನಾಗಿಟ್ಟಿದ್ದೀರಿ” ಅಂತ ಹೊಗಳಿದ್ದೆ. ಎಲ್ಲಕ್ಕಿಂತ ಜಾಸ್ತಿ ಉರಿಯುವುದು ಇದೇ.

ಡೀಲರ್ ಹತ್ತಿರ ಹೋದೆ. ಚೀಟಿ, ಫೋಟೋ, ಮ್ಯಾನ್ಯುಯಲ್‌ನ ಪುಟ ಎಲ್ಲ ಮೇಜಿನ ಮೇಲೆ ಹಾಕಿದೆ. ಅವನು ಒಂದನ್ನೂ ಮುಟ್ಟಲಿಲ್ಲ.

“ಸರ್, ನೀವು ದೋಣಿ ಎಳೆಯುತ್ತಾ ಅಂತ ಕೇಳಿದ್ರಿ. ಎಳೀತು ತಾನೇ?”

“3,500 ಅಂತ ನೀವೇ ತೋರಿಸಿದ್ರಲ್ಲ?”

“3,500ರ ವರೆಗೆ ಅಂತಿದೆ ಸರ್. ಓದಿ ನೋಡಿ. ಸಾವಿರ ಅದರೊಳಗೇ ಬಂತಲ್ವಾ?”

ಬಾಯಿ ಕಟ್ಟಿಹೋಯಿತು. ಇಂಥ ಮಾತಿಗೆ ಏನು ಹೇಳುತ್ತೀರಿ? ಹಿಚ್ ಪಟ್ಟಿಗೆ ಬಣ್ಣ ಬಳಿದಿದ್ದು ಯಾಕೆ ಅಂದೆ. “ತುಕ್ಕು ಹಿಡಿಯಬಾರದು ಅಂತ ಸರ್, ನಿಮ್ಮ ಒಳ್ಳೇದಕ್ಕೇ.” ಫೋನಿನಲ್ಲಿ ಸಾಮಾನು ಹಿಂದಕ್ಕೆ ಸರಿಸಿ ಅಂದಿದ್ದು? “ನಾನು ಸಲಹೆ ಕೊಟ್ಟೆ ಅಷ್ಟೇ. ಗಾಡಿ ಓಡಿಸಿದ್ದು ನೀವು.” ಖರೀದಿ ಕಾಗದದಲ್ಲಿ ‘ಇದ್ದ ಸ್ಥಿತಿಯಲ್ಲಿ’ ಅಂತ ಇತ್ತು, ಅದರ ಕೆಳಗೆ ನನ್ನ ಸಹಿ. ಅದನ್ನು ಬೆರಳಿಟ್ಟು ತೋರಿಸಿ, ಟೀ ತರಿಸಲಾ ಅಂತ ಕೇಳಿದ. ಕೊನೆಗೆ ಗಾಡಿಯನ್ನು ಅವನಿಗೇ ವಾಪಸ್ ಕೊಟ್ಟೆ. ಎಷ್ಟು ಕಡಿಮೆಗೆ ಅಂತ ಹೇಳುವುದಿಲ್ಲ, ಮನೆಯಲ್ಲೇ ಇನ್ನೂ ಹೇಳಿಲ್ಲ.

ನೀವು ಹೋಗುವುದಾದರೆ ಮೊದಲು ದೋಣಿ, ಟ್ರೇಲರ್, ತುಂಬಿದ ಟ್ಯಾಂಕ್ ಸಮೇತ ತೂಕ ಹಾಕಿಸಿ. ಆಮೇಲೆ ಗಾಡಿ ನೋಡಿ. ಬ್ರೋಷರ್ ತೋರಿಸಿದರೆ ಮಡಚಿ ವಾಪಸ್ ಕೊಡಿ. ಬಾಗಿಲ ಸ್ಟಿಕರ್, ಅದೇ ವೇರಿಯಂಟ್‌ನ ಮ್ಯಾನ್ಯುಯಲ್, ಹಿಚ್ ಮೇಲಿನ ಪಟ್ಟಿ, ಈ ಮೂರರಲ್ಲಿ ಯಾವ ಮಿತಿಯನ್ನೂ ದಾಟಬೇಡಿ. ಸ್ಟಿಕರ್ ಹೇಳುವುದು ಹೊರುವ ಭಾರ; ಉಳಿದೆರಡು ಹೇಳುವ ಎಳೆಯುವ ತೂಕದಲ್ಲಿ ಯಾವುದು ಕಡಿಮೆಯೋ ಅದೇ ನಿಮ್ಮ ಗಾಡಿಯ ಶಕ್ತಿ. ಟ್ರೇಲರ್ ಬ್ರೇಕ್ ವಿಷಯವನ್ನೂ ಕೇಳಿಕೊಳ್ಳಿ, ಎಷ್ಟೋ ದೇಶಗಳಲ್ಲಿ 750 ಕೆ.ಜಿ. ದಾಟಿದರೆ ಟ್ರೇಲರ್‌ಗೆ ತನ್ನದೇ ಬ್ರೇಕ್ ಕಡ್ಡಾಯ. ಪಾಚಿ ಕಟ್ಟಿದ ಜಾಗದಲ್ಲಿ ದೋಣಿ ಇಳಿಸುವವರು ಫೋರ್‌ವೀಲ್ ಡ್ರೈವ್ ಬಿಟ್ಟು ಬೇರೆ ಯೋಚನೆ ಮಾಡಬೇಡಿ. ಮತ್ತೆ, ಹೊಸ ಬಣ್ಣ ಕಂಡರೆ ಉಗುರು ಹಾಕಿ ಕೆರೆಯಿರಿ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಈಗ ಆ ಜಾಹೀರಾತಿನ ವಿಷಯ. ಅದೇ ಡೀಲರ್, ಅದೇ ಗಾಡಿ. ತಲೆಬರಹ: ‘ದೋಣಿ ಎಳೆದು ಪರೀಕ್ಷೆ ಮಾಡಿದ ಪಿಕಪ್, 3,500 ಕೆ.ಜಿ. ವರೆಗೆ’. ಕೆಳಗೆ ಫೋಟೋ. ನಾನು ಅವತ್ತು ದೂರು ಹೇಳಲು ಕಳಿಸಿದ್ದ ಫೋಟೋನೇ ಅದು. ನನ್ನ ದೋಣಿ, ಮುಂದೆ ಪಿಕಪ್. ಕುಕ್ಕರಿಸಿದ ಹಿಂಭಾಗ ಕಾಣದ ಹಾಗೆ ಕೆಳಗಡೆ ಕತ್ತರಿಸಿದ್ದಾನೆ. ಒಂದು ಮೂಲೆಯಲ್ಲಿ ಭಾವನ ಮೊಣಕೈ ಮಾತ್ರ ಉಳಿದಿದೆ.