ಇಬ್ಬರ ದುಡ್ಡಿಗೆ ಒಂದು ಲೆಕ್ಕ: ನಾವು ಬಳಸಿ ನೋಡಿದ ಬಜೆಟ್ ಆ್ಯಪ್‌ಗಳು

ಮೊದಲೇ ಹೇಳಿಬಿಡುತ್ತೇನೆ, ನಮ್ಮಿಬ್ಬರಿಗೆ ಹೊಂದಿಕೊಂಡಿದ್ದು ಗುಡ್‌ಬಜೆಟ್. ಅದೂ ದುಡ್ಡು ಕೊಡದೆ ಬಳಸುವಂಥದ್ದು. ಅದಕ್ಕೂ ಮುಂಚೆ ಬೇರೊಂದು ಆ್ಯಪ್‌ಗೆ ಇಡೀ ವರ್ಷದ ಚಂದಾ ಒಟ್ಟಿಗೇ ಕಟ್ಟಿ, ಮೂರೇ ತಿಂಗಳಿಗೆ ಬಿಟ್ಟೆವು. ಆ ದುಡ್ಡು ಹೋಯಿತು. ನಿಮ್ಮದಾದರೂ ಉಳಿಯಲಿ ಅಂತ ಬರೆಯುತ್ತಿದ್ದೇನೆ.

ನಮ್ಮಿಬ್ಬರಿಗೂ ಸಂಬಳ ಬರುತ್ತದೆ, ಖಾತೆ ಬೇರೆ ಬೇರೆ. ಮನೆ ಬಾಡಿಗೆ ನಮ್ಮನೆಯವರ ಖಾತೆಯಿಂದ ಹೋಗುತ್ತದೆ. ದಿನಸಿ, ಕರೆಂಟ್ ಬಿಲ್ಲು ನನ್ನ ಖಾತೆಯಿಂದ. ಬಾಡಿಗೆಯ ನನ್ನ ಪಾಲನ್ನು ತಿಂಗಳ ಮೊದಲ ವಾರ ಅವರಿಗೆ ಕಳಿಸುತ್ತೇನೆ. ಎಷ್ಟೋ ಜೋಡಿಗಳು ಹೀಗೇ ಮಾಡುತ್ತಾರೆ, ಅಲ್ವಾ? ಆ ಚಂದಾ ಆ್ಯಪ್ ಎಡವಿದ್ದು ಇಲ್ಲೇ.

ಬ್ಯಾಂಕ್ ಖಾತೆಗಳನ್ನು ಜೋಡಿಸಿಬಿಟ್ಟರೆ ಖರ್ಚನ್ನೆಲ್ಲ ಅದೇ ಎಳೆದುಕೊಂಡು, ದಿನಸಿ, ಬಾಡಿಗೆ, ಓಡಾಟ ಅಂತ ವಿಂಗಡಿಸುತ್ತದೆ. ಮೊದಲ ವಾರ ನನಗೆ ತುಂಬಾ ಇಷ್ಟವಾಯಿತು. ತಿಂಗಳ ಕೊನೆಗೆ ಒಟ್ಟು ಮೊತ್ತ ನೋಡಿದಾಗ ಎದೆ ಧಸಕ್ಕೆಂದಿತು. "ರೀ, ಈ ತಿಂಗಳು ಏನಾದ್ರೂ ದೊಡ್ಡದು ತಗೊಂಡ್ರಾ?" ಅಂತ ಕೇಳಿದೆ. "ನಾನೇನೂ ತಗೊಂಡಿಲ್ಲ, ನೀನು ತಗೊಂಡಿದ್ದೀಯಾ ನೋಡು" ಅಂದರು. ಇಬ್ಬರ ದನಿಯೂ ಏರಿತು.

ಆ ರಾತ್ರಿ ಎರಡೂ ಫೋನು ಪಕ್ಕಪಕ್ಕ ಇಟ್ಟುಕೊಂಡು ಒಂದೊಂದೇ ಸಾಲಿಗೆ ಬೆರಳಿಟ್ಟು ಓದಿದೆವು. ನಾನು ಕಳಿಸಿದ 10,000 ನನ್ನ ಕಡೆ ಖರ್ಚು ಅಂತ ಬಿದ್ದಿತ್ತು. ಅದೇ 10,000 ಅವರ ಕಡೆ ಆದಾಯ ಅಂತ ಕೂತಿತ್ತು. ಆಮೇಲೆ ಅವರು 20,000 ಬಾಡಿಗೆ ಕಟ್ಟಿದ್ದು ಮತ್ತೆ ಖರ್ಚು. ಮನೆಯಿಂದ ಹೊರಗೆ ಹೋಗಿದ್ದು 20,000, ಆ್ಯಪ್ ತೋರಿಸಿದ್ದು 30,000. ಕ್ರೆಡಿಟ್ ಕಾರ್ಡಿನದೂ ಇದೇ ಕಥೆ. ಸಾಮಾನು ಕೊಂಡ ದಿನ ಒಂದು ಸಲ, ಕಾರ್ಡಿನ ಬಿಲ್ಲು ಕಟ್ಟಿದ ದಿನ ಇನ್ನೊಂದು ಸಲ.

ಇಂಥದ್ದನ್ನು 'ವರ್ಗಾವಣೆ' ಅಂತ ಗುರುತು ಮಾಡಿದರೆ ಲೆಕ್ಕ ಸರಿಹೋಗುತ್ತದೆ. ಮಾಡಿದೆ. ಮುಂದಿನ ತಿಂಗಳು ಮೊತ್ತ ಸ್ವಲ್ಪ ಬದಲಾಗಿತ್ತು, ಅದು ಮತ್ತೆ ಖರ್ಚಿನ ಪಟ್ಟಿಗೇ ಸೇರಿತು. ಮತ್ತೆ ತಿದ್ದಿದೆ. ಮೂರನೇ ತಿಂಗಳೂ ಅದೇ ಕೆಲಸ. ತಿದ್ದುವ ಹಕ್ಕು ಇದ್ದದ್ದು ಆ್ಯಪಿನಲ್ಲಿ ಖಾತೆ ತೆರೆದ ನನಗೆ ಮಾತ್ರ, ಅವರು ಸುಮ್ನೆ ನೋಡಬಹುದಿತ್ತು ಅಷ್ಟೇ. ಏನೂ ಮಾಡಲು ಆಗದ ಆ್ಯಪನ್ನು ಯಾರು ತಾನೇ ತೆರೆಯುತ್ತಾರೆ? ಅವರು ತೆರೆಯುವುದನ್ನೇ ಬಿಟ್ಟರು. ಇಬ್ಬರಿಗೆ ಅಂತ ತಗೊಂಡಿದ್ದು ನನ್ನೊಬ್ಬಳ ಕೆಲಸವಾಯಿತು. ತಪ್ಪು ಲೆಕ್ಕಕ್ಕಿಂತ ನನಗೆ ಜಾಸ್ತಿ ಬೇಜಾರಾಗಿದ್ದು ಇದಕ್ಕೆ.

ಅದನ್ನು ಬಿಟ್ಟ ಮೇಲೆ ಉಳಿದವನ್ನು ಬೇಗ ಬೇಗ ನೋಡಿದೆವು. ಯಾರು ಯಾರಿಗೆ ಎಷ್ಟು ಕೊಡಬೇಕು ಅನ್ನುವುದಕ್ಕೆ ಸ್ಪ್ಲಿಟ್‌ವೈಸ್ ಚೆನ್ನಾಗಿದೆ, ಸ್ನೇಹಿತರ ಜೊತೆ ಪ್ರವಾಸ ಹೋದಾಗ ಈಗಲೂ ಅದೇ ಬೇಕು. ನಮಗೆ ಬೇಕಿದ್ದದ್ದು ಈ ತಿಂಗಳು ಇನ್ನೆಷ್ಟು ಉಳಿದಿದೆ ಅನ್ನುವ ಲೆಕ್ಕ. ಸ್ಪ್ರೆಡ್‌ಶೀಟ್ ಕಂಪ್ಯೂಟರಿನಲ್ಲಿ ಸೊಗಸು, ಫೋನಿನಲ್ಲಿ ಕಷ್ಟ. ಒಂದು ಸಲ ಕೂಡಿಸುವ ಸೂತ್ರ ಇದ್ದ ಚೌಕದ ಮೇಲೇ ಅಂಕಿ ಬರೆದುಬಿಟ್ಟೆ, ಎರಡು ವಾರ ಗೊತ್ತೇ ಆಗಲಿಲ್ಲ.

ವೈನ್ಯಾಬ್ (YNAB) ಅನ್ನುವ ಬಜೆಟ್ ಆ್ಯಪ್ ಬಗ್ಗೆ ಮಾತ್ರ ಎರಡು ಮಾತು ಜಾಸ್ತಿ ಹೇಳಬೇಕು. ಅದನ್ನು ಜೆಸ್ಸಿ ಮೆಕಮ್ ಅನ್ನುವವರು 2004ರಲ್ಲಿ ಶುರು ಮಾಡಿದ್ದು. ಓದುತ್ತಿದ್ದಾಗಲೇ ಮದುವೆಯಾಗಿ, ತಮ್ಮ ಸಂಸಾರ ತೂಗಿಸಲು ಮಾಡಿಕೊಂಡ ಸ್ಪ್ರೆಡ್‌ಶೀಟೇ ಅದರ ಮೂಲ. ಕೈಗೆ ಬಂದ ಪ್ರತಿ ಕಾಸಿಗೂ ಒಂದು ಕೆಲಸ ಹಚ್ಚಬೇಕು ಅನ್ನುವುದು ಅದರ ಮೊದಲ ಪಾಠ. ಆ ಪಾಠ ನಮಗೆ ಈಗಲೂ ಉಪಯೋಗಕ್ಕೆ ಬರುತ್ತಿದೆ. 34 ದಿನ ಉಚಿತವಾಗಿ ಬಳಸಬಹುದು, ಆಮೇಲೆ ಚಂದಾ ಕಟ್ಟಲೇಬೇಕು. ಒಮ್ಮೆ ಕೈಸುಟ್ಟುಕೊಂಡಿದ್ದ ನಮಗೆ ಮತ್ತೆ ಚಂದಾ ಕಟ್ಟುವ ಮನಸ್ಸು ಬರಲಿಲ್ಲ.

ಗುಡ್‌ಬಜೆಟ್‌ನದು ಹಳೆಯ ಕವರಿನ ಪದ್ಧತಿ. ತಿಂಗಳ ಶುರುವಿನಲ್ಲಿ ದುಡ್ಡನ್ನು ಬೇರೆ ಬೇರೆ ಕವರಿಗೆ ಹಾಕಿಡುವುದು, ಖರ್ಚು ಮಾಡಿದ ಹಾಗೆಲ್ಲ ಆಯಾ ಕವರಿನಿಂದ ಕಳೆಯುವುದು. ಇಬ್ಬರ ಫೋನಿನಲ್ಲೂ ಒಂದೇ ಲಾಗಿನ್, ಅವವೇ ಕವರುಗಳು. ಅವರು ಬರೆದದ್ದು ನನಗೆ ಕಾಣುತ್ತದೆ, ನಾನು ಬರೆದದ್ದು ಅವರಿಗೆ. ಉಚಿತವಾಗಿ ಬಳಸುವಾಗ ಕವರುಗಳ ಸಂಖ್ಯೆಗೆ ಮಿತಿ ಇದೆ. ನಮ್ಮದು 9, ಸಾಕಾಗಿದೆ.

ಇದರಲ್ಲಿ ಖರ್ಚನ್ನು ನಾವೇ ಕೈಯಾರೆ ಬರೆಯುತ್ತೇವೆ. ಜನ ಇದನ್ನೇ ಕೊರತೆ ಅನ್ನುತ್ತಾರೆ, ನನಗೆ ಇದೇ ದೊಡ್ಡ ಅನುಕೂಲ. ಬಾಡಿಗೆಯ ಪಾಲು ಕಳಿಸಿದಾಗ ಏನೂ ಬರೆಯುವುದಿಲ್ಲ. ದುಡ್ಡು ಮನೆಯೊಳಗೇ ಇದೆಯಲ್ಲ! ಬಾಡಿಗೆ ಕಟ್ಟಿದ ದಿನ ಒಂದೇ ಸಲ 20,000 ಅಂತ ಬರೆದರೆ ಮುಗಿಯಿತು. ಕಾರ್ಡಿನಲ್ಲಿ ಕೊಂಡರೆ ಕೊಂಡ ದಿನವೇ ಕವರಿನಿಂದ ಕಳೆಯುತ್ತೇವೆ. ಬಿಲ್ಲು ಕಟ್ಟುವ ದಿನ ಕವರುಗಳನ್ನು ಮುಟ್ಟುವುದಿಲ್ಲ.

ಮರೆತುಹೋಗುತ್ತದೆ, ನಿಜ. ಅದಕ್ಕೆ ಅಂಗಡಿಯಿಂದ ಹೊರಗೆ ಕಾಲಿಡುವ ಮೊದಲೇ ಬರೆಯುವುದು ಅಂತ ಮಾಡಿಕೊಂಡಿದ್ದೇವೆ. ಮೊನ್ನೆ ನಮ್ಮನೆಯವರು ಒಂದು ಕೈಯಲ್ಲಿ ಚೀಲ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳಿನಲ್ಲಿ ಅಂಕಿ ಒತ್ತುತ್ತಾ ಬಾಗಿಲ ಹತ್ತಿರ ನಿಂತಿದ್ದರು. "ಊಟ-ತಿಂಡಿ ಕವರಿನಲ್ಲಿ ಇನ್ನು 600 ಇದೆ, ಈ ವಾರ ಹೊರಗೆ ತಿನ್ನೋದು ಬೇಡ" ಅಂದರು. ನಾನು ಕೇಳಿರಲಿಲ್ಲ, ಅವರೇ ಹೇಳಿದ್ದು. ಮೂರು ತಿಂಗಳ ಚಂದಾದಲ್ಲಿ ಈ ಮಾತು ಒಮ್ಮೆಯೂ ಬಂದಿರಲಿಲ್ಲ.

ಯಾವುದನ್ನೇ ಆರಿಸಿ, ತಿಂಗಳಿಗೊಮ್ಮೆ ಲೆಕ್ಕವನ್ನು ಫೈಲಿಗೆ ಇಳಿಸಿಟ್ಟುಕೊಳ್ಳಿ. ಅಷ್ಟು ಹೆಸರಾಗಿದ್ದ ಮಿಂಟ್ ಅನ್ನುವ ಬಜೆಟ್ ಆ್ಯಪ್ ಕೂಡ 2024ರ ಮಾರ್ಚ್‌ನಲ್ಲಿ ಮುಚ್ಚಿಹೋಯಿತು.

ನಿಮ್ಮಿಬ್ಬರಲ್ಲಿ ಒಬ್ಬರು ಕೈಯಾರೆ ಬರೆಯಲು ಸುತಾರಾಂ ಒಪ್ಪದಿದ್ದರೆ ಗುಡ್‌ಬಜೆಟ್ ಬೇಡ, ತಾನಾಗಿ ಎಳೆದುಕೊಳ್ಳುವ ಆ್ಯಪನ್ನೇ ನೋಡಿ. ಆದರೆ ಚಂದಾ ಕಟ್ಟುವ ಮೊದಲು, ಉಚಿತ ದಿನಗಳಲ್ಲೇ, ಒಬ್ಬರ ಖಾತೆಯಿಂದ ಇನ್ನೊಬ್ಬರ ಖಾತೆಗೆ 100 ಕಳಿಸಿ. ಮಾರನೇ ದಿನ ಒಟ್ಟು ಖರ್ಚು 100 ಏರಿದೆಯಾ ನೋಡಿ. ಏರಿದ್ದರೆ ಅದನ್ನು ಇಬ್ಬರ ಫೋನಿನಿಂದಲೂ ತಿದ್ದಿ ನೋಡಿ. ಒಬ್ಬರಿಗೆ ಮಾತ್ರ ತಿದ್ದಲು ಬಂದರೆ ಆ ಚಂದಾ ಕಟ್ಟಬೇಡಿ.